ಕಾಬ್ಲರ್‌ಗೆ ಬ್ಲೂಬೆರಿನೇ ಆಗಬೇಕಾ?

ಅಲ್ಲಾ ಸ್ವಾಮಿ, ಹಣ್ಣಿನ ಕಾಬ್ಲರ್ ಮಾಡೋಕೆ ವಿಮಾನದಲ್ಲಿ ಬಂದ ಬ್ಲೂಬೆರಿನೇ ಬೇಕು ಅಂತ ಹೇಳಿದ್ದು ಯಾರು? ಕನ್ನಡದಲ್ಲಿ ಅಡುಗೆ ಬರೆಯೋ ನಾವೂ ಅದನ್ನೇ ಕಣ್ಮುಚ್ಚಿ ನಕಲು ಮಾಡ್ತೀವಲ್ಲ!

ಕಾಬ್ಲರ್ ಹುಟ್ಟಿದ್ದೇ ಅನುಕೂಲ ಇಲ್ಲದವರ ಮನೇಲಿ. ಅಮೆರಿಕಕ್ಕೆ ವಲಸೆ ಹೋದವರು, ಪೈ ಮಾಡಲು ಸರಿಯಾದ ಓವನ್ ಇಲ್ಲದೆ, ಕೈಗೆ ಸಿಕ್ಕ ಹಣ್ಣಿನ ಮೇಲೆ ಹಿಟ್ಟಿನ ಮುದ್ದೆ ಇಟ್ಟು ಬೇಯಿಸಿದರು. ಅಂದ್ರೆ ‘ಅಲ್ಲಿ ಸಿಕ್ಕಿದ್ದು’ ಅನ್ನೋದೇ ಇದರ ಅಸಲಿ ರೆಸಿಪಿ.

ನಮ್ಮ ಹೊಸಪೇಟೆ ಕಡೆ ಜೂನ್ ಬಂತೆಂದರೆ ನೇರಳೆ, ಕವಳೆ ಇವೆಯಲ್ಲ? ಬೀಜ ತೆಗೆದ ಅರ್ಧ ಕೆಜಿ ಹಣ್ಣಿಗೆ 100 ಗ್ರಾಂ ಬೆಲ್ಲ. ಮೇಲೆ ಒಂದು ಕಪ್ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಎರಡು ಚಮಚ ಬೆಣ್ಣೆ, ಅರ್ಧ ಕಪ್ ಹಾಲು ಕಲಸಿದ ಹಿಟ್ಟು. ಓವನ್ ಇಲ್ವಾ? ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಶಲ್ ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಆಯ್ತು!

ಬೀಜ ಬಿಡಿಸೋದು ರಗಳೆ ಅಂತೀರಾ? ಹೌದು, ಹತ್ತು ನಿಮಿಷ ಕೈ ನೀಲಿ ಆಗುತ್ತೆ, ಅಷ್ಟೇ.

ಇದು ಬರೀ ರುಚಿಯ ಮಾತಲ್ಲ. ಸಂಡೂರಿನ ಗುಡ್ಡಗಳನ್ನು ಅದಿರಿಗಾಗಿ ಎಷ್ಟು ಬಗೆದರೆಂದರೆ, 2011ರಲ್ಲಿ ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಬೇಕಾಯ್ತು. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಯ್ತು. ಕವಳೆ ಪೊದೆ ಬರೀ ಮುಳ್ಳು ಅಂದುಕೊಂಡವರಿಗೆ ಅದರ ಕೆಳಗಿನ ಮಣ್ಣಷ್ಟೇ ಬೆಲೆಬಾಳುತ್ತೆ. ಹಣ್ಣಿನ ಹೆಸರೇ ಗೊತ್ತಿಲ್ಲದ ಮಕ್ಕಳು ನಾಳೆ ಗುಡ್ಡ ಹೋದಾಗ ಅಳ್ತಾವಾ?

ಬ್ಲೂಬೆರಿ ತಿನ್ನಬೇಡಿ ಅಂತಿಲ್ಲ. ರೆಸಿಪಿಯಲ್ಲಿ ಮೊದಲು ನಿಮ್ಮೂರ ಹಣ್ಣಿನ ಹೆಸರು ಬರೀರಿ. ಏನಂತೀರಿ?