ಗೋಡೆಗೂ ಕಂಬಳಿ ಬೇಕು



ರಾಶಿಯ ಹಣ ಕೈಗೆ ಬಂದೊಡನೆ ಮನೆಗೆ ಬಣ್ಣ ಹೊಡೆಸುವ ಮಾತು ಏಳುತ್ತದೆ. ಕರಜಗಿ, ಅಕ್ಕಲಕೋಟೆ ಸೀಮೆಯಲ್ಲಿ ಇನ್ನೂ ಉಳಿದಿರುವ ಕಲ್ಲುಮಣ್ಣಿನ ಮಾಳಿಗೆ ಮನೆಗಳಿಗೂ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಹೊಳೆಯುವ ಬಣ್ಣ ಬಳಿಸುವವರಿದ್ದಾರೆ. ಇದು ದುಡ್ಡು ಕೊಟ್ಟು ಗೋಡೆಯ ಉಸಿರು ಕಟ್ಟಿಸುವ ಕೆಲಸವೆಂದು ನಮ್ಮ ಅಭಿಪ್ರಾಯ.

ಕುರಿ ಕಾಯುವವನನ್ನು ನೋಡಿರಿ. ಅವನ ಕಂಬಳಿ ಕೊಪ್ಪೆಯ ಮೇಲೆ ಮಳೆಹನಿ ಉರುಳಿ ಹೋಗುತ್ತದೆ, ಮೈಯ ಬೆವರು ಮಾತ್ರ ಆವಿಯಾಗಿ ಹೊರಬೀಳುತ್ತದೆ. ಪ್ಲಾಸ್ಟಿಕ್ ಹಾಳೆ ಹೊದ್ದವನು ಮಳೆಯಿಂದ ಪಾರಾದರೂ ತನ್ನ ಬೆವರಿನಲ್ಲಿಯೇ ನೆನೆಯುತ್ತಾನೆ. ಗೋಡೆಯ ಪಾಡೂ ಅದೇ. ಎರೆಭೂಮಿ ಹಿಡಿದಿಟ್ಟ ನೀರು ಬುನಾದಿಯಿಂದ ಮೇಲೇರುತ್ತದೆ; ಒಳಗೆ ಅಡುಗೆಯ ಹಬೆ, ಮಲಗಿದವರ ಉಸಿರು. ಈ ತೇವ ಹೊರಮುಖದಿಂದ ಆರಿ ಹೋಗಬೇಕು. ದಾರಿ ಮುಚ್ಚಿದರೆ ಕಲ್ಲುಗಳ ನಡುವಿನ ಮಣ್ಣು ಮೆತ್ತಗಾಗುತ್ತದೆ, ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಗಿಲಾವನ್ನು ಸಿಡಿಸುತ್ತದೆ, ಒಳಗೋಡೆಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಮಕ್ಕಳ ಕೆಮ್ಮನ್ನೂ ದಮ್ಮಿನವರ ತ್ರಾಸನ್ನೂ ಹೆಚ್ಚಿಸುತ್ತದೆ. ಕೂಸಿಗೆ ಔಷಧಿ ಕೊಡಿಸುವುದರ ಜೊತೆಗೆ ಅದು ಮಲಗುವ ಮಗ್ಗುಲಿನ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿರಿ.

ಈ ತಪ್ಪು ನಮ್ಮಿಂದಲೂ ಆಗಿದೆ. ಹಿಂದೆ ನಾವಿದ್ದ ಒಂದು ಊರಿನ ಗುರುನಿವಾಸಕ್ಕೆ ಹಬ್ಬದ ಗಡಿಬಿಡಿಯಲ್ಲಿ ಎಣ್ಣೆಬಣ್ಣ ಹೊಡೆಸಿದೆವು. ಹಸ್ತದ ಮಳೆ ಮುಗಿಯುವಷ್ಟರಲ್ಲಿ ಗೋಡೆ ಹಪ್ಪಳದಂತೆ ಗುಳ್ಳೆ ಎದ್ದಿತ್ತು.

ಹಿರಿಯರ ಸುಣ್ಣಕ್ಕೆ ಕಂಬಳಿಯ ಗುಣವಿದೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೂ ಸೂಕ್ಷ್ಮ ರಂಧ್ರಗಳು ತೆರೆದೇ ಇರುತ್ತವೆ. ಅರಳುವಾಗ ತುಸುವೇ ಅಗಸಿ ಎಣ್ಣೆ ಬೆರೆಸಿದರೆ ಮಳೆನೀರು ಜಾರುತ್ತದೆ, ಹೆಚ್ಚಾದರೆ ರಂಧ್ರ ಮುಚ್ಚೀತು. ಗೋಡೆಗೆ ನೀರು ಚಿಮುಕಿಸಿ, ಬಿಸಿಲು ಇಳಿದ ಮೇಲೆ, ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿರಿ. ಅರಳಿಸುವ ಕಡೆಗೆ ಮಕ್ಕಳನ್ನು ಬಿಡಬೇಡಿರಿ. ಕಣ್ಣಿಗೆ ಸಿಡಿದರೆ ಉಜ್ಜದೆ, ತಡಮಾಡದೆ ಬಹಳ ಹೊತ್ತು ತಿಳಿನೀರಿನಲ್ಲಿ ತೊಳೆದು ದವಾಖಾನೆಗೆ ಕರೆದೊಯ್ಯಿರಿ.

'ಸುಣ್ಣ ಬಟ್ಟೆಗೆ ಹತ್ತುತ್ತದೆ, ಮತ್ತೆ ಮತ್ತೆ ಬಳಿಯಬೇಕು' ಎನ್ನುವಿರಿ. ನಿಜ. ಆ ಬೇಸರಕ್ಕೆ ಪರಿಹಾರ ಹುಡುಕಿದವರೂ ಇದ್ದಾರೆ. ಜರ್ಮನಿಯ ಬವೇರಿಯಾದಲ್ಲಿ ಆಡಾಲ್ಫ್ ವಿಲ್ಹೆಲ್ಮ್ ಕೈಮ್ ಎಂಬವರು 1878ರಲ್ಲಿ ಸಿಲಿಕೇಟ್ ಬಣ್ಣಕ್ಕೆ ಪೇಟೆಂಟ್ ಪಡೆದರು. ಅದು ಪೊರೆಯಂತೆ ಮೇಲೆ ಕೂರದೆ ಕಲ್ಲಿನೊಡನೆಯೇ ಬೆಸೆದುಕೊಳ್ಳುತ್ತದೆ. ಸಿಲಿಕೋನ್ ರಾಳದ ಬಣ್ಣ ಇನ್ನೂ ಈಚಿನದು. ಮರಳಿನ ಮೂಲಧಾತುವಾದ ಸಿಲಿಕಾನ್‌ನಿಂದ ಮಾಡಿದ ಈ ರಾಳ ರಂಧ್ರವನ್ನು ತುಂಬುವುದಿಲ್ಲ, ಅದರ ಒಳಮೈಗೆ ಮಾತ್ರ ಅಂಟಿ ನೀರನ್ನು ದೂಡುತ್ತದೆ. ತಾವರೆ ಎಲೆಯ ಮೇಲಿನಂತೆ ಹನಿ ದುಂಡಾಗಿ ಉರುಳುತ್ತದೆ, ಆವಿಗೆ ತಡೆಯಿಲ್ಲ. ಆವಿಗೆ 14 ಸೆಂಟಿಮೀಟರ್ ನಿಂತ ಗಾಳಿಗಿಂತ ಕಡಿಮೆ ಅಡ್ಡಿ ಮಾಡುವ ಬಣ್ಣವನ್ನು ಯುರೋಪಿನ ಮಾನದಂಡ ಚೆನ್ನಾಗಿ ಉಸಿರಾಡುವ ವರ್ಗಕ್ಕೆ ಸೇರಿಸುತ್ತದೆ. ಅಂಗಡಿಯವನು 'ವಾಟರ್‌ಪ್ರೂಫ್' ಎಂದರೆ ಸಾಲದು, ಆವಿ ಹೊರಹೋಗುವುದೇ ಎಂದು ಕೇಳಿರಿ. ಹಳೆಯ ಎಣ್ಣೆಬಣ್ಣದ ಮೇಲೆ ಇವನ್ನು ಹಚ್ಚಿದರೆ ಫಲವಿಲ್ಲ. ಅದನ್ನು ಕೆರೆದು ತೆಗೆಯಲೇಬೇಕು.

ಸಿಮೆಂಟ್ ಗಿಲಾವಿನಿಂದ ಗೋಡೆ ಗಟ್ಟಿಯಾಯಿತೆಂಬ ಭ್ರಮೆಯೂ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲ ಊರುಗಳಲ್ಲಿ ಭೂಕಂಪದಿಂದ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನ ಸತ್ತರು. ಅಂಥ ಗೋಡೆಗೆ ಬಲ ಬರುವುದು ಎರಡೂ ಮುಖಗಳನ್ನು ಕಟ್ಟಿ ಹಿಡಿಯುವ ಉದ್ದ ಕಲ್ಲುಗಳಿಂದ, ಸುತ್ತಲೂ ಹಾಯುವ ಕಾಂಕ್ರೀಟ್ ಪಟ್ಟಿಯಿಂದ, ಮಾಳಿಗೆಯ ಮಣ್ಣಿನ ಭಾರ ಇಳಿಸುವುದರಿಂದ. ಬಿರುಕು ಬಿಟ್ಟ, ಹೊಟ್ಟೆ ಉಬ್ಬಿದ ಗೋಡೆಯನ್ನು ಬಣ್ಣದಲ್ಲಿ ಮುಚ್ಚದೆ ತಿಳಿದ ಗವಂಡಿಗೆ ತೋರಿಸಿರಿ. ಮಾಳಿಗೆ ಸೋರುತ್ತಿದ್ದರೆ, ಬಚ್ಚಲ ನೀರು ಬುನಾದಿಗೆ ಇಂಗುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿರಿ.

ಬರುವ ಬೇಸಿಗೆಯಲ್ಲಿ ಗುರುನಿವಾಸದ ಹಿಂಗೋಡೆಗೆ ಅಗಸಿ ಎಣ್ಣೆಯ ಸುಣ್ಣ ಹಚ್ಚಿಸಲಿದ್ದೇವೆ. ನೋಡಬೇಕೆನ್ನುವವರು ಸಂಜೆಯ ಹೊತ್ತಿಗೆ ಬರಬಹುದು. ಬರುವಾಗ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿರಿ.