ಹಸ್ತಪ್ರತಿ ಶಂಕರಘಟ್ಟಕ್ಕೆ ಹೋಯ್ತು, ಪುಸ್ತಕ ಯಾವಾಗ?

ಶೃಂಗೇರಿ: ಸಿರಿಮನೆ ಜಲಪಾತ ನೋಡೋಕೆ ಬರುವವರೆಲ್ಲ ಕಿಗ್ಗ ದಾಟಿಯೇ ಹೋಗ್ತಾರೆ. ಕಿಗ್ಗದಲ್ಲಿ ಆಳುಪರ ಕಾಲದ ಶಾಸನಗಳಿವೆ ಅನ್ನೋದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಊರಿನವರಿಗೂ ಅಷ್ಟಾಗಿ ಗೊತ್ತಿಲ್ಲ ಬಿಡಿ. ಗೊತ್ತಿರುವ ಅಷ್ಟಾದರೂ ಉಳಿದಿದ್ದು ಅಚ್ಚಾಗಿದ್ದರಿಂದ. ಈ ಭಾಗದ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟದಲ್ಲಿ ಮುದ್ರಿಸಿದರು; ಆಗ ನಮ್ಮದು ಕಡೂರು ಜಿಲ್ಲೆ. ಶೃಂಗೇರಿಯ ಇತಿಹಾಸದ ಬಗ್ಗೆ ಎ.ಕೆ. ಶಾಸ್ತ್ರಿಯವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು 1982ರಲ್ಲಿ ಹೊರತಂದಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ. ಇಂಥ ಪುಸ್ತಕಕ್ಕೆ ದುಡ್ಡು ಹಾಕುವ ಖಾಸಗಿ ಪ್ರಕಾಶಕರು ಸಿಗೋದು ಕಷ್ಟ. ಕೊಳ್ಳುವವರು ಕಡಿಮೆ, ಬೇಕಾದವರಿಗೆ ಮಾತ್ರ ಬೇಕೇ ಬೇಕು.

ಈಗಲೂ ಮೂರು ತಾಲ್ಲೂಕಿನಲ್ಲಿ ಬರೆದಿಟ್ಟವರಿದ್ದಾರೆ. ನಿವೃತ್ತ ಮೇಷ್ಟ್ರು, ಶಾನುಭೋಗರ ಮನೆತನದವರು, ನಾಟಿ ಔಷಧಿ ಗೊತ್ತಿದ್ದವರ ಮಕ್ಕಳು. ಊರ ಹೆಸರುಗಳು, ಗದ್ದೆ ಹಾಡು, ಭದ್ರಾ ಹಿನ್ನೀರಿನಲ್ಲಿ ಮುಳುಗಿದ ಊರುಗಳ ನೆನಪು. ನೋಟ್‌ಬುಕ್ಕಿನಲ್ಲೋ ಮೊಮ್ಮಗನ ಲ್ಯಾಪ್‌ಟಾಪಿನಲ್ಲೋ ಕೂತಿರ್ತದೆ. ಇದನ್ನು ಎಲ್ಲಿಗೆ ಕೊಡೋದು ಅನ್ನೋ ಪ್ರಶ್ನೆಗೆ ಮೊದಲ ಉತ್ತರ ಹತ್ತಿರದಲ್ಲೇ ಇದೆ. ಎನ್.ಆರ್.ಪುರ ಭದ್ರಾ ಹಿನ್ನೀರಿನ ದಡದಲ್ಲಿದ್ದರೆ, ಅಣೆಕಟ್ಟಿನ ಕಡೆ ಬಿ.ಆರ್. ಪ್ರಾಜೆಕ್ಟ್ ಹತ್ತಿರ ಶಂಕರಘಟ್ಟ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಅಲ್ಲಿದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆ ಅದರ ವ್ಯಾಪ್ತಿಗೇ ಬರ್ತವೆ. ಹೆಸರು ಕೂಡ ನಮ್ಮವರದ್ದೇ: ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಜಾನಪದ, ಶಾಸನ, ಭಾಷೆ ವಿಷಯವಾದರೆ 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇನ್ನೊಂದು ದಾರಿ. ಮೈಸೂರಿನ ಪ್ರಸಾರಾಂಗ ಎಲ್ಲಕ್ಕಿಂತ ಹಳೆಯದು. ಅಧ್ಯಾಪಕರು ಹಳ್ಳಿ, ಪೇಟೆಗೆ ಹೋಗಿ ಭಾಷಣ ಮಾಡೋದು, ಅದನ್ನೇ ಕಡಿಮೆ ಬೆಲೆಯ ಸಣ್ಣ ಪುಸ್ತಕ ಮಾಡಿ ಹಂಚೋದು ಅದರ ಮೂಲ ಕೆಲಸವಾಗಿತ್ತು.

ಕಳಿಸಿದ ಮೇಲೆ ಆಗೋದೇನು? ಸಾಮಾನ್ಯವಾಗಿ ಹಸ್ತಪ್ರತಿ ಪ್ರಸಾರಾಂಗದ ನಿರ್ದೇಶಕರ ಕೈಗೆ ಹೋಗ್ತದೆ. ಅಲ್ಲಿಂದ ವಿಷಯ ತಜ್ಞರಿಗೆ. ತಜ್ಞರು 'ಆಗಬಹುದು', 'ತಿದ್ದಿದರೆ ಆಗಬಹುದು', 'ಬೇಡ' ಅಂತ ವರದಿ ಕೊಡ್ತಾರೆ. ಸಮಿತಿ ಒಪ್ಪಬೇಕು, ಹಣ ಮಂಜೂರಾಗಬೇಕು, ಆಮೇಲೆ ಡಿಟಿಪಿ, ಪ್ರೂಫ್, ಅಚ್ಚು. ತಿಂಗಳಲ್ಲಿ ಮುಗಿಯುವ ಕೆಲಸ ಇದಲ್ಲ, ವರ್ಷ ದಾಟಿದರೂ ಆಶ್ಚರ್ಯವಿಲ್ಲ. ತಜ್ಞರ ತಕರಾರು ಅವಮಾನ ಅಂದುಕೊಂಡು ಹಸ್ತಪ್ರತಿ ವಾಪಸ್ ತರುವವರಿದ್ದಾರೆ. ಆದರೆ ಶಾಸನದ ಪಾಠ ತಪ್ಪಾಗಿದೆ, ಇಸವಿ ಹೊಂದೋದಿಲ್ಲ ಅಂತ ಅಚ್ಚಿಗೆ ಮೊದಲೇ ಯಾರೋ ಹೇಳಿದರೆ ಲಾಭ ಬರೆದವರಿಗೇ. ದುಡ್ಡು ತಗೊಂಡು ಅಚ್ಚು ಹಾಕಿಕೊಡುವ ಕಡೆ ಈ ಒಂದು ಸೇವೆ ಮಾತ್ರ ಸಿಗೋದಿಲ್ಲ.

ಕಷ್ಟ ಇರೋದು ಹಣದ ಹಂತದಲ್ಲಿ. ಹಂಪಿ ವಿವಿಯ ಅನುದಾನದ ಕೊರತೆ ಕೆಲವು ವರ್ಷದಿಂದ ಸುದ್ದಿಯಲ್ಲೇ ಇದೆ. ಕರೆಂಟ್ ಬಿಲ್ಲೇ ಬಾಕಿ ಉಳಿದ ಸುದ್ದಿ ಬಂದಿತ್ತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿವಿಗಳ ಪೈಕಿ 9ನ್ನು ಮುಚ್ಚಬಹುದು ಅಂತ ಹೇಳಿತು. ಸಂಬಳ, ಪಿಂಚಣಿಗೇ ಲೆಕ್ಕ ಹಾಕುವಾಗ ಪುಸ್ತಕದ ಸರದಿ ಕೊನೆಗೆ.

ಕಾಗದದ ಲೆಕ್ಕವೂ ಇದೆ, ಇದು ಅಂಗಡಿಯವರಿಗೆ ಬೇಗ ಅರ್ಥ ಆಗ್ತದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ ಪುಸ್ತಕದ ಕಾಗದದ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 18ಕ್ಕೆ ಏರಿತು. ಮಾರುವ ಮಾಲಿಗೆ ತೆರಿಗೆ ಇಲ್ಲದ ಮೇಲೆ ಕೊಂಡ ಮಾಲಿಗೆ ಕಟ್ಟಿದ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರೋದಿಲ್ಲ. ಹಾಗಾಗಿ ಆ ಹೊರೆ ಪುಸ್ತಕದ ಬೆಲೆಗೇ ಬೀಳ್ತದೆ. 500 ಪ್ರತಿ ಹಾಕುವವರಿಗೆ ಇದು ಸಣ್ಣ ಮಾತಲ್ಲ.

ಕೊಳ್ಳುವ ಕಡೆ ಇನ್ನೊಂದು ಗಂಟು. ಪೇಟೆಯ ಮಳಿಗೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ವಸೂಲಾಗುವ ಈ ಕರ ಈಗ ತೆರಿಗೆಯ ಶೇ 6. ಕೊಪ್ಪದ ದಿನಸಿ ಅಂಗಡಿಯವರೂ ಕನ್ನಡ ಪುಸ್ತಕಕ್ಕೆ ದುಡ್ಡು ಕೊಡ್ತಲೇ ಇದ್ದಾರೆ ಅಂತಾಯ್ತು. ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ರೂಢಿ ಇದೆ. ಕನ್ನಡ ಪ್ರಕಾಶನ ಬಹುಪಾಲು ನಿಂತಿರುವುದೇ ಇದರ ಮೇಲೆ. ಆ ಖರೀದಿ ವರ್ಷಗಟ್ಟಲೆ ತಡವಾಗ್ತಿದೆ ಅನ್ನೋದು ಪ್ರಕಾಶಕರ ಹಳೇ ದೂರು. ಕರ ಕಟ್ಟುವವರು ಪಟ್ಟಣ ಪಂಚಾಯ್ತಿಯಲ್ಲಿ ನೀರು, ಬೀದಿ ದೀಪ ಕೇಳಿದ ಹಾಗೆ ಇದನ್ನೂ ಕೇಳಬಹುದು. ಯಾರೂ ಕೇಳಿದಂತಿಲ್ಲ.

ಇಷ್ಟೆಲ್ಲ ಇದ್ದರೂ ಊರ ಚರಿತ್ರೆಯಂಥ ಬರಹಕ್ಕೆ ಮೊದಲು ಪ್ರಸಾರಾಂಗದ ಬಾಗಿಲು ತಟ್ಟೋದೇ ಸರಿ. ಅವಸರಕ್ಕೆ ಬಿದ್ದು ಅಡಿಕೆ ಮಾರಿದ ದುಡ್ಡು ಕೊಟ್ಟು ಅಚ್ಚು ಹಾಕಿಸಿ, ಬಿಡುಗಡೆ ದಿನ ನೂರು ಪ್ರತಿ ಹಂಚಿ, ಉಳಿದದ್ದನ್ನು ಅಟ್ಟಕ್ಕೆ ಏರಿಸಿದರೆ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಐಎಸ್‌ಬಿಎನ್ ಮಾಡಿಸಿಕೊಡ್ತೀವಿ ಅಂತ ಪ್ರತ್ಯೇಕ ದುಡ್ಡು ಕೇಳಿದರೆ ಒಂದು ವಿಷಯ ತಿಳಿದಿರಲಿ: ಭಾರತದಲ್ಲಿ ಆ 13 ಅಂಕಿಯ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡ್ತದೆ.

ಕಳಿಸುವ ಮೊದಲು ಒಂದು ಪುಟದ ಪತ್ರ ಬರೆದು, ಈ ವಿಷಯದ ಪುಸ್ತಕ ತಗೋತೀರಾ, ನಿಯಮ ಏನು ಅಂತ ಕೇಳೋದು ಒಳ್ಳೇದು. ಒಂದೊಂದು ವಿವಿಯದ್ದು ಒಂದೊಂದು ಪದ್ಧತಿ. ಮೂಲಪ್ರತಿ ಯಾವ ಕಾರಣಕ್ಕೂ ಕೊಡಬಾರದು, ಜೆರಾಕ್ಸ್ ಸಾಕು. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರೆ ಯೂನಿಕೋಡಿಗೆ ಬದಲಿಸಿ, ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಬೇಕು. ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರ್ತವೆ. ಊರಿನವರ ಹಳೇ ಫೋಟೋ ಬಳಸಿದ್ದರೆ ಅವರ ಒಪ್ಪಿಗೆ ಚೀಟಿ ಇರಲಿ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ, ಸ್ವೀಕೃತಿ ಪತ್ರ ಕೇಳಿ ಪಡೆಯೋದು ಇನ್ನೂ ಮುಖ್ಯ.

ಸಹಿ ಮಾಡುವಾಗ ಮಾತ್ರ ಕನ್ನಡಕ ಹಾಕಿಕೊಂಡೇ ಓದಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರ ಹಕ್ಕು ಜೀವಮಾನದ ನಂತರವೂ 60 ವರ್ಷ ಇರ್ತದೆ. ಆ ಹಕ್ಕನ್ನು ಬೇರೆಯವರಿಗೆ ವಹಿಸೋದು ಲಿಖಿತವಾಗಿಯೇ ಆಗಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ವಹಿಸಿಕೊಟ್ಟಿದ್ದೇ ರದ್ದಾಗ್ತದೆ. ಕಪಾಟಿನಲ್ಲಿ ಕೂತ ಹಸ್ತಪ್ರತಿಯನ್ನು ಬೇರೆ ಕಡೆ ಕೊಡೋಕೆ ಆಗ ದಾರಿ ತೆರೆಯುತ್ತದೆ. ಆದ್ದರಿಂದ 'ಶಾಶ್ವತವಾಗಿ', 'ಕಾಲಮಿತಿ ಇಲ್ಲದೆ' ಅಂತ ಎಲ್ಲಾದರೂ ಕಂಡರೆ ಅಲ್ಲೇ ನಿಲ್ಲಿಸಿ ಕೇಳಬೇಕು.

ಎನ್.ಆರ್.ಪುರ ಮೂಲದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ಅವರಿಗೆ 46 ವರ್ಷ. ಕಾದಂಬರಿಗೆ ಓದುಗರಿದ್ದರು, ಪ್ರಕಾಶಕರೂ ಸಿಕ್ಕರು. ಮುಳುಗಿದ ಊರಿನ ಗದ್ದೆಗಳ ಹೆಸರು ಬರೆದಿಟ್ಟವರಿಗೆ ಆ ಅನುಕೂಲ ಇಲ್ಲ. ಆ ಗದ್ದೆಗಳಲ್ಲಿ ನಡೆದಾಡಿದವರ ಪೈಕಿ ಈಗ ಉಳಿದಿರುವವರು ಎಂಬತ್ತರ ಆಸುಪಾಸಿನವರು.