ಹೆಸರು ಅಳಿದರೂ ದುಡಿಮೆ ಉಳಿಸಿಕೊಂಡ ವಿಲ್ಲೀಸ್ ಜೀಪು

ಕೊಡಗಿನ ಮನೆತನಗಳಲ್ಲಿ ಹಿರಿಯರಿಂದ ಬಂದ ವಸ್ತುಗಳನ್ನು ಎಣಿಸಹೊರಟರೆ ಗದ್ದೆ, ಕಾಫಿ ತೋಟ, ಕಣ, ಹಳೆಯ ಮರದ ಪೆಟ್ಟಿಗೆ ಇವುಗಳ ಸಾಲಿನಲ್ಲಿ ಜೀಪಿಗೂ ಒಂದು ಸ್ಥಾನವಿರುವುದು ಕಾಣುತ್ತದೆ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ನಮ್ಮ ಸಮಾಜದ ಮನೆಗಳಿಗೆ ಹೋದಾಗ ಕೊಟ್ಟಿಗೆಯ ಪಕ್ಕದಲ್ಲಿ ತಗಡಿನ ಮಾಡಿನ ಕೆಳಗೆ ನಿಂತ ಇಂತಹ ಜೀಪುಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಅವುಗಳಲ್ಲಿ ಕುಳಿತು ಕೆಸರಿನ ದಾರಿಯಲ್ಲಿ ಪ್ರವಚನಗಳಿಗೆ ಹೋದದ್ದೂ ಉಂಟು. ಈಚಿನ ವರ್ಷಗಳಲ್ಲಿ ಈ ಮನೆಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಅಜ್ಜನ ಕಾಲದ ಜೀಪನ್ನು ಇಟ್ಟುಕೊಳ್ಳುವುದೋ, ಮಾರುವುದೋ, ಗುಜರಿಗೆ ಹಾಕುವುದೋ? ತಂದೆ ಒಂದು ಹೇಳಿದರೆ ಮಗ ಇನ್ನೊಂದು ಹೇಳುತ್ತಾನೆ. ಅಣ್ಣತಮ್ಮಂದಿರು ಪಾಲಾಗುವಾಗ ಮಾತು ಬೆಳೆಯುವುದೂ ಉಂಟು. ತೀರ್ಮಾನಿಸುವ ಮುನ್ನ ವಸ್ತುವಿನ ಚರಿತ್ರೆ ತಿಳಿದಿರುವುದು ಲೇಸೆಂದು ಭಾವಿಸಿ ಈ ತಿಂಗಳ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಜೀಪು ಎಂಬುದು ಇಂದು ನಮ್ಮ ನಾಡಿನಲ್ಲಿ ಒಂದು ಜಾತಿಯ ವಾಹನಕ್ಕೆಲ್ಲ ಸಾಮಾನ್ಯ ನಾಮವಾಗಿದೆ. ಪೊಲೀಸರದೂ ಜೀಪು, ಅರಣ್ಯ ಇಲಾಖೆಯದೂ ಜೀಪು. ಆದರೆ ಕೊಡಗಿನ ಹಿರಿಯರು 'ವಿಲ್ಲೀಸ್' ಎಂದು ಬೇರೆಯಾಗಿ ಹೆಸರಿಸುತ್ತಾರೆ. ವಿಲ್ಲೀಸ್ ಎಂಬುದು ಅಮೆರಿಕದ ಒಬ್ಬ ವರ್ತಕನ ಮನೆತನದ ಹೆಸರು. ಜಾನ್ ನಾರ್ತ್ ವಿಲ್ಲೀಸ್ ಎಂಬ ಈತ ಮೊದಲು ಸೈಕಲ್ ವ್ಯಾಪಾರಿ, ಅನಂತರ ಕಾರುಗಳ ಮಾರಾಟಗಾರ. ಓವರ್‌ಲ್ಯಾಂಡ್ ಎಂಬ ಸಣ್ಣ ಕಂಪನಿಯ ಕಾರುಗಳಿಗೆ ಮುಂಗಡ ಕೊಟ್ಟು ಕಾದಿದ್ದನು. ೧೯೦೭ರಲ್ಲಿ ಅಮೆರಿಕದಲ್ಲಿ ಹಣಕಾಸಿನ ಮುಗ್ಗಟ್ಟು ಬಂದು ಆ ಕಂಪನಿ ಕುಸಿಯತೊಡಗಿದಾಗ ಈತನೇ ಕಾರ್ಖಾನೆಗೆ ಧಾವಿಸಿ, ೧೯೦೮ರಲ್ಲಿ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡನು. ಮರುವರ್ಷ ಒಹಾಯೋ ರಾಜ್ಯದ ಟೊಲೀಡೊ ನಗರದಲ್ಲಿ ದೊಡ್ಡ ಕಾರ್ಖಾನೆಯನ್ನು ಕೊಂಡನು. ೧೯೧೨ರಲ್ಲಿ ಕಂಪನಿಗೆ ವಿಲ್ಲೀಸ್-ಓವರ್‌ಲ್ಯಾಂಡ್ ಎಂದು ಹೆಸರಾಯಿತು. ಆ ದಶಕದಲ್ಲಿ ಅಮೆರಿಕದ ಕಾರು ತಯಾರಕರಲ್ಲಿ ಫೋರ್ಡ್ ಕಂಪನಿಯನ್ನು ಬಿಟ್ಟರೆ ಎರಡನೆಯ ಸ್ಥಾನ ಇದರದೇ ಆಗಿತ್ತು.

ಸಂಪತ್ತು ಸ್ಥಿರವಲ್ಲವೆಂಬುದಕ್ಕೆ ಈ ಕಂಪನಿಯ ಕಥೆಯೂ ಒಂದು ನಿದರ್ಶನ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ೧೯೩೩ರಲ್ಲಿ, ವಿಲ್ಲೀಸ್-ಓವರ್‌ಲ್ಯಾಂಡ್ ದಿವಾಳಿಯ ಸ್ಥಿತಿಗೆ ಬಂದಿತು. ೧೯೩೫ರಲ್ಲಿ ವಿಲ್ಲೀಸ್ ಕಾಲವಾದನು. ತನ್ನ ಹೆಸರು ಜಗತ್ತಿನ ಮೂಲೆಮೂಲೆಗಳಿಗೆ, ಕೊಡಗಿನ ಕಾಫಿ ತೋಟಗಳಿಗೂ ಹೋಗಿ ನಿಲ್ಲುವುದೆಂದು ಆತ ಊಹಿಸಿರಲಾರನು. ಆ ಹೆಸರನ್ನು ಉಳಿಸಿದ ವಾಹನ ಅವನ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ.

೧೯೪೦ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವ ಒಂದು ಸಣ್ಣ ವಾಹನವನ್ನು ಬಯಸಿತು. ಕೊಟ್ಟ ಗಡುವು ಅತಿ ಕಿರಿದು. ಗಡುವಿನೊಳಗೆ ಮೊದಲ ಮಾದರಿಯನ್ನು ಮಾಡಿ ಒಪ್ಪಿಸಿದ್ದು ವಿಲ್ಲೀಸ್ ಅಲ್ಲ, ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದನು. ಅದೇ ವರ್ಷದ ಸೆಪ್ಟೆಂಬರ್ ೨೩ರಂದು ವಾಹನ ಸೇನೆಯ ಶಿಬಿರ ಸೇರಿತು. ಆದರೆ ಚಿಕ್ಕ ಕಾರ್ಖಾನೆ ಸಾವಿರಾರು ವಾಹನಗಳನ್ನು ಒದಗಿಸಲಾರದೆಂದು ಎಣಿಸಿ ಸೇನೆಯು ಆ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು. ವಿಲ್ಲೀಸರ ಮಾದರಿಯಲ್ಲಿದ್ದ ೬೦ ಅಶ್ವಶಕ್ತಿಯ ಎಂಜಿನ್ ಉಳಿದೆರಡಕ್ಕಿಂತ ಬಲವಾಗಿದ್ದುದರಿಂದ ೧೯೪೧ರಲ್ಲಿ ಅದೇ ಆಯ್ಕೆಯಾಯಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಬ್ಯಾಂಟಮ್ ತಯಾರಿಸಿದ್ದು ಮೂರು ಸಾವಿರಕ್ಕೂ ಕಡಿಮೆ.

ಜೀಪನ್ನು ಸೃಷ್ಟಿಸಿದವರು ನಾವೇ ಎಂದು ವಿಲ್ಲೀಸ್ ಕಂಪನಿ ಜಾಹೀರಾತುಗಳಲ್ಲಿ ಸಾರಿಕೊಂಡಿತು. ಅಮೆರಿಕದ ಸರಕಾರದ ವ್ಯಾಪಾರ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಂಡು, ಆ ಮಾತು ಸರಿಯಲ್ಲವೆಂದು ೧೯೪೮ರಲ್ಲಿ ತೀರ್ಪಿತ್ತಿತು. ಆದರೂ ಲೋಕ ಬ್ಯಾಂಟಮನ್ನು ಮರೆಯಿತು, ವಿಲ್ಲೀಸನ್ನು ನೆನೆಯಿತು. ಜೀಪು ಎಂಬ ಹೆಸರಿನ ಮೂಲವೂ ವಿವಾದದ ವಿಷಯ. ಸರ್ವೋಪಯೋಗಿ ಎಂಬರ್ಥದ ಆಂಗ್ಲ ಪದಗಳ ಮೊದಲಕ್ಷರಗಳಾದ ಜಿ ಮತ್ತು ಪಿ ಸೇರಿ ಆಯಿತೆಂದು ಕೆಲವರು ಹೇಳಿದರೆ, ೧೯೩೬ರಲ್ಲಿ ಒಂದು ಚಿತ್ರಕಥೆಯಲ್ಲಿ ಕಾಣಿಸಿಕೊಂಡ ವಿಚಿತ್ರ ಪ್ರಾಣಿಯೊಂದರ ಹೆಸರಿನಿಂದ ಬಂದಿತೆಂದು ಮತ್ತೆ ಕೆಲವರು ಹೇಳುತ್ತಾರೆ.

ಯುದ್ಧಾನಂತರ ೧೯೪೫ರಲ್ಲಿ ವಿಲ್ಲೀಸ್ ಕಂಪನಿ ಇದೇ ವಾಹನವನ್ನು ರೈತರಿಗಾಗಿ ಮಾರ್ಪಡಿಸಿತು. ಹಿಂಬದಿಗೆ ತೆರೆಯುವ ಬಾಗಿಲು ಬಂದಿತು. ಎಂಜಿನ್ನಿನ ಬಲದಿಂದ ಬೇರೆ ಯಂತ್ರಗಳನ್ನು ತಿರುಗಿಸುವ ಅನುಕೂಲವೂ ಆಯಿತು. ರಣರಂಗದಲ್ಲಿ ಹುಟ್ಟಿದ್ದು ಹೊಲಕ್ಕೆ ಇಳಿಯಿತು. ೧೯೫೩ರಲ್ಲಿ ಹೊಸ ಎಂಜಿನ್ನಿನ ಮತ್ತೊಂದು ಮಾದರಿ ಬಂದಿತು. ಅದರಲ್ಲಿ ಗಾಳಿ ಮತ್ತು ಪೆಟ್ರೋಲು ಒಳಬರುವ ಕವಾಟಗಳನ್ನು ಎಂಜಿನ್ನಿನ ತಲೆಯ ಮೇಲೆ ಇಟ್ಟಿದ್ದರಿಂದ ಎಂಜಿನ್ ಎತ್ತರವಾಯಿತು. ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ದೇಶದಲ್ಲಿ ಬಹುಕಾಲ ಓಡಾಡಿದ ಎತ್ತರ ಬಾನೆಟ್ಟಿನ ಜೀಪುಗಳ ಮೂಲ ಇದೇ.

ಭಾರತಕ್ಕೆ ಇದನ್ನು ತಂದವರು ಮಹೀಂದ್ರ ಸೋದರರು. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಮತ್ತು ಮಲಿಕ್ ಗುಲಾಂ ಮಹಮ್ಮದ್ ಈ ಮೂವರು ೧೯೪೫ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಸಂಸ್ಥೆ ಕಟ್ಟಿದರು. ದೇಶ ವಿಭಜನೆಯಾದಾಗ ಗುಲಾಂ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ೧೯೪೮ರಲ್ಲಿ ಸಂಸ್ಥೆ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರು ಪಡೆಯಿತು. ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯ ಮಝಗಾಂವಿನಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸುವ ಕೆಲಸ ಆ ದಶಕದ ಕೊನೆಯಲ್ಲಿ ಮೊದಲಾಯಿತು. ಮುಂದೆ ಕ್ರಮಕ್ರಮವಾಗಿ ಭಾಗಗಳೂ ಇಲ್ಲಿಯೇ ತಯಾರಾದವು.

ಅತ್ತ ಅಮೆರಿಕದಲ್ಲಿ ೧೯೫೩ರಲ್ಲಿ ವಿಲ್ಲೀಸ್ ಕಂಪನಿಯನ್ನು ಕೈಸರ್ ಕಂಪನಿ ಕೊಂಡಿತು. ವಿಲ್ಲೀಸ್ ಹೆಸರಿನ ಪ್ರಯಾಣಿಕ ಕಾರುಗಳು ೧೯೫೫ರಲ್ಲಿ ಅಲ್ಲಿ ನಿಂತುಹೋದವು. ೧೯೬೩ರಲ್ಲಿ ಕಂಪನಿಗೆ ಕೈಸರ್ ಜೀಪ್ ಎಂದು ಹೆಸರಿಟ್ಟಾಗ ವಿಲ್ಲೀಸ್ ಎಂಬ ಹೆಸರೇ ಅಳಿಯಿತು. ಜೀಪ್ ಎಂಬ ಹೆಸರು ಮಾತ್ರ ೧೯೭೦ರಲ್ಲಿ ಅಮೆರಿಕನ್ ಮೋಟಾರ್ಸ್, ೧೯೮೭ರಲ್ಲಿ ಕ್ರೈಸ್ಲರ್ ಎಂದು ಒಡೆಯರನ್ನು ಬದಲಿಸುತ್ತ ಸಾಗಿತು. ತಾಯ್ನಾಡಿನಲ್ಲಿ ಹೆಸರು ಅಳಿದ ಬಳಿಕವೂ ವಿಲ್ಲೀಸರ ವಿನ್ಯಾಸ ಪರದೇಶಗಳಲ್ಲಿ ಬಾಳಿತು. ಜಪಾನಿನಲ್ಲಿ ಮಿತ್ಸುಬಿಷಿ ಕಂಪನಿ ಅದೇ ವಂಶದ ಜೀಪುಗಳನ್ನು ೧೯೯೮ರವರೆಗೂ ತಯಾರಿಸಿತು. ಮಹೀಂದ್ರದವರು ಡೀಸೆಲ್ ಎಂಜಿನ್ ಕೂರಿಸಿ ಮುಂದುವರಿಸಿದ ವಂಶದಲ್ಲಿಯೇ ೨೦೧೦ರಲ್ಲಿ ಥಾರ್ ಬಂದಿತು. ಇದೇ ಮಹೀಂದ್ರದವರು ೨೦೧೮ರಲ್ಲಿ ಹಳೆಯ ರೂಪದ ವಾಹನವನ್ನು ರಾಕ್ಸರ್ ಎಂಬ ಹೆಸರಿನಿಂದ ಅಮೆರಿಕದಲ್ಲಿ ಮಾರಹೊರಟಾಗ, ಇದು ನಮ್ಮ ಜೀಪಿನ ಮುಖವೆಂದು ಅಲ್ಲಿನ ಜೀಪ್ ಒಡೆಯರು ದೂರು ಕೊಟ್ಟರು. ೨೦೨೦ರಲ್ಲಿ ಆ ಮೊದಲ ರೂಪಕ್ಕೆ ಅಲ್ಲಿ ತಡೆ ಬಿದ್ದು, ಮಹೀಂದ್ರದವರು ಅದರ ಮುಖವನ್ನೇ ಬದಲಿಸಬೇಕಾಯಿತು.

ಇನ್ನು ಕೊಡಗಿನ ಮಾತು. ಈ ಜಿಲ್ಲೆಗೆ ರೈಲು ಬಂದಿಲ್ಲ. ಬೆಟ್ಟದ ಇಳಿಜಾರು, ಮುಂಗಾರಿನ ಜಡಿಮಳೆ, ಜಾರುವ ಕೆಂಪುಮಣ್ಣು ಇವುಗಳ ನಡುವೆ ತೋಟದೊಳಗಿನ ದಾರಿಯಲ್ಲಿ ಸಾಮಾನ್ಯ ಕಾರು ನಡೆಯದು. ಅಲ್ಲದೆ ಇದು ಯೋಧರ ನಾಡು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಕೊಟ್ಟ ನೆಲ. ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಜೀಪು ಹೊಸದಾಗಿರಲಿಲ್ಲ. ಹೀಗಾಗಿ ತೋಟಕ್ಕೆ ಗೊಬ್ಬರ ಹೊರಲು, ಕಾಫಿ ಮೂಟೆ ಸಾಗಿಸಲು, ಕೆಲಸದವರನ್ನು ಲೈನ್ ಮನೆಗಳಿಂದ ಕರೆತರಲು ಜೀಪೇ ಆಧಾರವಾಯಿತು. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ನೆರೆಯ ತೋಟದ ಜೀಪೇ ಎಂದು ಹೇಳುವ ಮನೆಗಳನ್ನು ನಾವು ಬಲ್ಲೆವು. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಹಳ್ಳಿಗಳ ದಾರಿ ಕಡಿದಾಗಲೂ ಊರವರ ಜೀಪುಗಳು ನೆರವಿಗೆ ಓಡಿದವು.

ಒಡೆಯರು ನಮಗೆ ಹೇಳಿದ ಗುಣದೋಷಗಳನ್ನು ಇಲ್ಲಿ ಸಂಗ್ರಹಿಸುತ್ತೇವೆ. ಗುಣಗಳಲ್ಲಿ ಮೊದಲನೆಯದು ನಾಲ್ಕು ಚಕ್ರಗಳ ಎಳೆತ. ಕೆಳಗಿನ ಗೇರಿಗೆ ಹಾಕಿ, ಚಕ್ರಕ್ಕೆ ಚೈನು ಕಟ್ಟಿದರೆ ಎತ್ತು ಏರದ ಕೆಸರನ್ನೂ ನಿಧಾನವಾಗಿ ಏರುತ್ತದೆ. ಎರಡನೆಯದು ಸರಳತೆ. ಊರಿನ ಮೆಕ್ಯಾನಿಕ್ಕು ಕೆಲವೇ ಸ್ಪ್ಯಾನರುಗಳಿಂದ ಬಿಚ್ಚಿ ಜೋಡಿಸಬಲ್ಲನು. ಬಾನೆಟ್ಟು ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ದೋಷಗಳೂ ಅಷ್ಟೇ ಸ್ಪಷ್ಟ. ಪೆಟ್ರೋಲು ಬಹಳ ಕುಡಿಯುತ್ತದೆಂದು ಎಷ್ಟೋ ಜನ ಮೂಲ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸಿದರು. ಪೆಟ್ರೋಲಿನ ಟ್ಯಾಂಕು ಚಾಲಕನ ಆಸನದ ಕೆಳಗೇ ಇರುವುದರಿಂದ ವಾಸನೆ ತಪ್ಪದು. ತೊರೆ ದಾಟಿದ ಮೇಲೆ ಬ್ರೇಕು ಸ್ವಲ್ಪ ಹೊತ್ತು ಹಿಡಿಯದು. ಪಟ್ಟಿ ಸ್ಪ್ರಿಂಗುಗಳ ಕುಲುಕಾಟಕ್ಕೆ ಸೊಂಟ ನೋಯುತ್ತದೆ. ಕ್ಯಾನ್ವಾಸಿನ ಮಾಡಿನ ಸಂದಿಯಿಂದ ಕಕ್ಕಡದ ಮಳೆ ಒಳಗೆ ಬರುತ್ತದೆ. ಇಷ್ಟೆಲ್ಲ ಹೇಳಿಯೂ ಕೊನೆಗೆ, "ಆದರೂ ಸ್ವಾಮಿಗಳೇ, ಇದು ನಮ್ಮನ್ನು ಎಂದೂ ದಾರಿಯಲ್ಲಿ ಬಿಟ್ಟಿಲ್ಲ" ಎನ್ನುತ್ತಾರೆ.

ಈಗ ಇಟ್ಟುಕೊಳ್ಳುವ ಮಾರುವ ಪ್ರಶ್ನೆಗೆ ಬರೋಣ. ಹದಿನೈದು ವರ್ಷ ಮೀರಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ ೬೦೦ ರೂಪಾಯಿ ಇದ್ದದ್ದು ೨೦೨೨ರ ಏಪ್ರಿಲ್ ೧ರಿಂದ ೫,೦೦೦ ರೂಪಾಯಿ ಆಯಿತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರಕಾರ ೨೦೨೧ರಲ್ಲಿ ಜಾರಿಗೆ ತಂದಿತು. ಅದಕ್ಕೆ ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಈ ನೋಂದಣಿ ಪಡೆದ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂತಹ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಡೀಸೆಲ್ ಎಂಜಿನ್ ಕೂರಿಸಿದ ಜೀಪಿನಲ್ಲಿ ಮೂಲರೂಪ ಉಳಿದಿರುವುದಿಲ್ಲ. ಆದುದರಿಂದ ನಿಜವಾದ ಪ್ರಶ್ನೆ ಇಷ್ಟೇ: ನಿಮ್ಮ ಮನೆಯ ಜೀಪು ದುಡಿಯುವ ಆಳೋ, ನೋಡುವ ಒಡವೆಯೋ? ಎರಡೂ ಆಗಿರಲು ಕಾನೂನು ಬಿಡುವುದಿಲ್ಲ.

ದುಡಿಯುವ ಆಳೆಂದು ಇಟ್ಟುಕೊಳ್ಳುವವರಿಗೆ ನಮ್ಮ ಒಂದು ಮಾತು ಕಟುವಾಗಿ ತೋರಬಹುದು. ಈ ವಾಹನಕ್ಕೆ ಗಟ್ಟಿ ಮಾಡಿಲ್ಲ, ಹಿಂದಿನ ಆಸನದಲ್ಲಿ ಹಿಡಿದು ನಿಲ್ಲಿಸುವ ಪಟ್ಟಿಯಿಲ್ಲ. ಕೊಯ್ಲಿನ ಕಾಲದಲ್ಲಿ ಅದರೊಳಗೆ ಹದಿನೈದು ಮಂದಿ ಕೆಲಸದವರನ್ನು ತುಂಬಿ ಕಡಿದಾದ ತಿರುವಿನಲ್ಲಿ ಇಳಿಸುವುದನ್ನು ನಾವು ಕಂಡಿದ್ದೇವೆ. ಒಡೆಯನ ಮಕ್ಕಳು ಮುಂದೆ ಕುಳಿತರೆ ಕೂಲಿಯವರ ಮಕ್ಕಳು ಹಿಂದೆ ಜೋತುಬೀಳುತ್ತಾರೆ. ಜೀವಕ್ಕೆ ಮೇಲುಕೀಳಿಲ್ಲವೆಂದು ಸಭೆಯಲ್ಲಿ ಒಪ್ಪುವವರು ಜೀಪಿನಲ್ಲಿಯೂ ಒಪ್ಪಬೇಕು. ನೋಂದಣಿ ಪುಸ್ತಕದಲ್ಲಿ ಬರೆದಷ್ಟೇ ಜನರನ್ನು ಕೂರಿಸಿ, ಎರಡು ಸಲ ಓಡಿಸಿದರೆ ಹೆಚ್ಚುವ ಖರ್ಚು ಅಲ್ಪವೇ. ಮುಂಗಾರಿಗೆ ಮುನ್ನ ಬ್ರೇಕು, ಸ್ಟಿಯರಿಂಗು ಪರೀಕ್ಷಿಸಿ. ಎಂಜಿನ್ ಬದಲಾಗಿದ್ದರೆ ಸಾರಿಗೆ ಕಚೇರಿಯಲ್ಲಿ ದಾಖಲೆ ಮಾಡಿಸಿ. ಅವಘಡವಾದಾಗ ವಿಮೆಯ ಹಣಕ್ಕೆ ಅದೇ ಆಧಾರ.

ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳಿಂದ ಅನೇಕ ತರುಣರ ಮನೆಯ ಒಲೆ ಉರಿಯುತ್ತಿದೆ. ಅದು ಗೌರವದ ಜೀವನೋಪಾಯವೇ. ಆದರೆ ಹುಲ್ಲುಗಾವಲಿನ ಮೇಲೆ ಚಕ್ರ ಹರಿಸಿ ಪೌರುಷ ತೋರಿಸುವುದು ತಾನು ಕುಳಿತ ಕೊಂಬೆಯನ್ನೇ ಕಡಿದಂತೆ. ಬೆಟ್ಟ ಉಳಿದರೆ ಮಾತ್ರ ಬಾಡಿಗೆ ಉಳಿದೀತು.

ಒಡವೆಯೆಂದು ಇಟ್ಟುಕೊಳ್ಳುವವರು ಮೂಲ ಎಂಜಿನ್, ಮೂಲ ಕಾಗದಪತ್ರ, ಹಳೆಯ ಬಿಲ್ಲುಗಳನ್ನು ಜೋಪಾನ ಮಾಡಲಿ. ಹೊರ ಊರಿನ ಸಂಗ್ರಹಕಾರರು ಕೈತುಂಬ ಹಣ ತೋರಿಸಿದಾಗ ಅಣ್ಣತಮ್ಮಂದಿರು ಕೂಡಿ ಕುಳಿತು ನಿರ್ಧರಿಸಲಿ. ಒಬ್ಬರು ಗುಟ್ಟಾಗಿ ಮಾರಿ ಮನೆ ಒಡೆಯುವುದು ಬೇಡ. ಓಡಿಸಲೂ ಆಗದು, ಕಾಪಾಡಲೂ ಆಗದು ಎನ್ನುವವರು ದುಡಿಸಿಕೊಳ್ಳುವವರಿಗೆ ಕೊಡುವುದರಲ್ಲಿ ಅವಮಾನವೇನಿಲ್ಲ. ಮಳೆಯಲ್ಲಿ ತುಕ್ಕು ಹಿಡಿಸಿ ಅಜ್ಜನ ನೆನಪೆಂದು ಹೇಳಿಕೊಳ್ಳುವುದು ಅಜ್ಜನಿಗೂ ಗೌರವವಲ್ಲ, ಜೀಪಿಗೂ ಗೌರವವಲ್ಲ. ಕೊಡುವ ಮುನ್ನ ಅದನ್ನು ಯಾವ ವರ್ಷ, ಯಾರು, ಎಷ್ಟಕ್ಕೆ ತಂದರು, ಅದು ಯಾರನ್ನು ಆಸ್ಪತ್ರೆ ಮುಟ್ಟಿಸಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಪೀಳಿಗೆಗೆ ಅದೇ ನಿಜವಾದ ಆಸ್ತಿ.

ಬ್ಯಾಂಟಮ್ ದುಡಿಯಿತು, ಹೆಸರು ಪಡೆಯಲಿಲ್ಲ. ವಿಲ್ಲೀಸ್ ಹೆಸರು ಪಡೆಯಿತು, ಅದನ್ನು ಉಳಿಸಿಕೊಳ್ಳಲಿಲ್ಲ. ಇವರಿಬ್ಬರೂ ಮಾಡಿದ ಕೆಲಸ ಮಾತ್ರ ಎಂಬತ್ತು ವರ್ಷ ಕಳೆದರೂ ನಮ್ಮ ಬೆಟ್ಟಗಳಲ್ಲಿ ಮೂಟೆ ಹೊರುತ್ತಿದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೆಸರಿನ ಆಸೆಗಿಂತ ಕಾಯಕದ ಅಭ್ಯಾಸವನ್ನು ಮೊದಲು ಕಲಿಸಬೇಕೆಂಬುದಕ್ಕೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಈ ಹಳೆಯ ವಾಹನವನ್ನೇ ತೋರಿಸಬಹುದು. ದಾರಿಯಲ್ಲಿ ನಡೆಯುವವರೆಲ್ಲರೂ ಕ್ಷೇಮವಾಗಿ ಮನೆ ಸೇರುವಂತಾಗಲಿ.